ದೀರ್ಘಾವಧಿ ಆರೈಕೆ ವಲಯದಲ್ಲಿ ಸಾಮೂಹಿಕ ಚೌಕಾಸಿ ಯಾವ ದಿಕ್ಕಿನಲ್ಲಿ ಸಾಗುತ್ತಿದೆ?

ವೃದ್ಧರ ಆರೈಕೆ ಮಾಡುವವರ ಪರವಾಗಿ ಕಾರ್ಮಿಕ ಸಂಘಗಳು ಒಟ್ಟಾಗಿ ನಡೆಸುವ ವೇತನ ಮಾತುಕತೆ, ಅಂದರೆ ಸಾಮೂಹಿಕ ಚೌಕಾಸಿ, ಹಲವು ದೇಶಗಳಲ್ಲಿ ಒಂದೊಂದು ಸಂಸ್ಥೆಯ ಮಟ್ಟದಿಂದ ಇಡೀ ವಲಯದ ಮಟ್ಟಕ್ಕೆ ಸರಿಯುತ್ತಿದೆ. ಸಂಸ್ಥೆಯ ಆದಾಯದ ದೊಡ್ಡ ಪಾಲು ಸರ್ಕಾರದಿಂದಲೋ ವಿಮೆಯಿಂದಲೋ ಬರುವಾಗ, ಮೇಜಿನ ಆಚೆ ಕುಳಿತ ಮಾಲೀಕನ ಕೈಯಲ್ಲಿ ಹಣದ ಕೀಲಿ ಇರುವುದಿಲ್ಲವೆಂಬುದೇ ಇದಕ್ಕೆ ಮುಖ್ಯ ಕಾರಣ.

ನ್ಯೂಜಿಲೆಂಡಿನಲ್ಲಿ ಕ್ರಿಸ್ಟೀನ್ ಬಾರ್ಟ್ಲೆಟ್ ಎಂಬ ಆರೈಕೆ ಕಾರ್ಮಿಕೆ, ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸವೆಂಬ ಕಾರಣಕ್ಕೆ ಕೂಲಿ ಕಡಿಮೆಯಿದೆಯೆಂದು ಸಂಘದ ಬೆಂಬಲದೊಡನೆ ಹೂಡಿದ ದಾವೆ, ಸರ್ಕಾರದೊಂದಿಗಿನ ಮಾತುಕತೆಯಾಗಿ ಬೆಳೆದು, 2017ರಲ್ಲಿ ಸುಮಾರು 55,000 ಮಂದಿಯ ವೇತನ ಏರಿಸಿದ ಕಾಯ್ದೆಯಾಯಿತು. ಆದರೆ ಅಲ್ಲಿಯೇ 2025ರ ತಿದ್ದುಪಡಿಯು ವಿವಿಧ ಕ್ಷೇತ್ರಗಳಲ್ಲಿ ಬಾಕಿಯಿದ್ದ 33 ಸಮಾನ ವೇತನ ಬೇಡಿಕೆಗಳನ್ನು ರದ್ದುಪಡಿಸಿತು. ಗೆದ್ದದ್ದು ಉಳಿಯುತ್ತದೆಂಬ ಖಾತರಿಯಿಲ್ಲ. ಜರ್ಮನಿಯಲ್ಲಿ 2022ರ ಸೆಪ್ಟೆಂಬರಿನಿಂದ, ಸಾಮೂಹಿಕ ಒಪ್ಪಂದದ ಮಟ್ಟದ ವೇತನ ನೀಡುವ ಸಂಸ್ಥೆಗಳಿಗೆ ಮಾತ್ರ, ಆರೈಕೆಯ ವೆಚ್ಚಕ್ಕೆ ಹಣ ಕೊಡುವ ಆರೈಕೆ ವಿಮೆಯ ಮಾನ್ಯತೆ ಸಿಗುತ್ತದೆ.

ಮುಷ್ಕರವಂತೂ ಇಲ್ಲಿ ಕಷ್ಟದ ಅಸ್ತ್ರ. ಹಾಸಿಗೆ ಹಿಡಿದವರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಮೈಯಲ್ಲಿ ಹುಣ್ಣಾಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನರ್ಸಿಂಗ್ ಹೋಮ್ ಮುಷ್ಕರಕ್ಕೆ ಕಾನೂನಿನ ನಿಷೇಧವೇ ಇದ್ದು, ವಿವಾದಗಳು ಪಂಚಾಯ್ತಿದಾರರ ಮುಂದೆ ತೀರ್ಮಾನವಾಗುತ್ತವೆ. ಕೋವಿಡ್ ನಂತರವಂತೂ ವೇತನದಷ್ಟೇ ಗಟ್ಟಿಯಾಗಿ, ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಮಂದಿಯ ಹೊಣೆ ಎಂಬ ಪ್ರಶ್ನೆಯನ್ನೂ ಸಂಘಗಳು ಮುಂದಿಡುತ್ತಿವೆ.