ಅವ್ವನ ಹೆಸರೇ ಬರೆ, ತಂಗಿ

ಪ್ರಶ್ನೆ: ಅಕ್ಕಾ, ನಾನು ಜಮಖಂಡಿ ಕಡೆಯವಳು, ಬಿ.ಎ. ಕೊನೇ ವರ್ಷ. ಚಿಕ್ಕವಳಿದ್ದಾಗ ಅವ್ವನಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಈಗ ಅದನ್ನೆಲ್ಲ ಬಿಟ್ಟು ಕೂಲಿಗೆ ಹೋಗುತ್ತಾಳೆ, ಮಾಜಿ ದೇವದಾಸಿಯರ ಸಂಘದಲ್ಲೂ ಇದ್ದಾಳೆ. ಮೊನ್ನೆ ಕಾಲೇಜಿನಲ್ಲಿ ಫಾರ್ಮ್ ಕೊಡುವಾಗ ‘ತಂದೆ ಹೆಸರು ಯಾಕೆ ಖಾಲಿ?’ ಅಂತ ಗುಮಾಸ್ತರು ಎಲ್ಲರೆದುರು ಜೋರಾಗಿ ಕೇಳಿದರು. ಸುಮ್ನೆ ಯಾವುದಾದರೂ ಹೆಸರು ಬರೆದುಬಿಡಲಾ? ಸಂಘದವರು ನನ್ನನ್ನೂ ಸಭೆಯಲ್ಲಿ ಮಾತಾಡು ಅಂತ ಕರೆಯುತ್ತಿದ್ದಾರೆ. ಹೋಗಲು ಹೆದರಿಕೆ.
– ಹೆಸರು ಬೇಡ

ಉತ್ತರ: ಸುಳ್ಳು ಹೆಸರು ಮಾತ್ರ ಬರೆಯಬೇಡ ತಂಗಿ. ಒಂದು ಫಾರ್ಮಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಅಂತಾದರೆ ಮುಂದೆ ನೌಕರಿಗೆ ಅರ್ಜಿ ಹಾಕುವಾಗ ಒದ್ದಾಡುವವಳು ನೀನೇ. ಆ ಗೆರೆಯ ಮೇಲೆ ಅವ್ವನ ಹೆಸರು ಬರೆ, ಪಕ್ಕದಲ್ಲಿ ‘ತಾಯಿ’ ಅಂತ ಬರೆ. ಒಪ್ಪದಿದ್ದರೆ ಜಗಳ ಆಡಬೇಡ. ‘ಯಾವ ನಿಯಮದ ಪ್ರಕಾರ ಆಗಲ್ಲ ಅಂತ ಬರೆದು ಕೊಡಿ ಸರ್’ ಅನ್ನು. ಬಾಯಿಮಾತಿನಲ್ಲಿ ಆಗಲ್ಲ ಅನ್ನುವವರು ಬರೆದು ಕೊಡೋಕೆ ಹಿಂದೆ ಮುಂದೆ ನೋಡುತ್ತಾರೆ.

ಕಾನೂನೂ ನಿನ್ನ ಕಡೆಗೇ ಬರುತ್ತಿದೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಿ ಆಗಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2016ರಿಂದ ಪಾಸ್‌ಪೋರ್ಟಿಗೆ ತಂದೆ ತಾಯಿಯಲ್ಲಿ ಒಬ್ಬರ ಹೆಸರು ಸಾಕು. 2018ರಿಂದ ಪಾನ್ ಕಾರ್ಡಿಗೂ ಒಬ್ಬಂಟಿ ತಾಯಿಯ ಹೆಸರು ನಡೆಯುತ್ತದೆ. 2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲೂ ದಾಖಲೆಗೆ ತಂದೆಯ ಹೆಸರು ಕಡ್ಡಾಯ ಮಾಡಬಾರದು ಎಂಬ ಮಾತಿದೆ. ಅಷ್ಟಾದರೂ ಕಾಲೇಜು ಕೇಳದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗು. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ. ಆದಾಯ ಎಷ್ಟು ಅಂತ ಕೇಳುವ ಹಾಗೂ ಇಲ್ಲ.

ಈಗ ಸಂಘದ ಮಾತು. ನಿನ್ನ ಅವ್ವ ಎಂಥವರ ಸಾಲಿನಲ್ಲಿ ಕೂತಿದ್ದಾಳೆ ಅಂತ ನಿನಗೆ ಗೊತ್ತಿರಬೇಕು. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಏಳು ವರ್ಷಕ್ಕೇ ಮುತ್ತು ಕಟ್ಟಿದ್ದರು. ಮುಂದೆ ಅವರು ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮುಂದಾಳಾದರು. ನಮ್ಮ ಕಡೆ ಎಲ್ಲರೂ ಅದನ್ನು ‘ಮಾಸ್’ ಅಂತಲೇ ಕರೆಯುತ್ತಾರೆ. 1997ರಲ್ಲಿ ಅದನ್ನು ಕಟ್ಟಿದವರು ಮಾಜಿ ದೇವದಾಸಿಯರೇ. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಘ ಈ ತಾಯಂದಿರ ಮಕ್ಕಳಿಗೆ ವಸತಿ ಶಾಲೆಯನ್ನೇ ತೆರೆಯಿತು.

ನನಗೆ ಇವರಷ್ಟೇ ದೊಡ್ಡವರಾಗಿ ಕಾಣುವವರು ಊರೂರಿನ ಸಂಘದ ಹೆಂಗಸರು. ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದ ಕೆಳಗೆ ಜೋಗುಳಬಾವಿ ಹತ್ತಿರ ಅವರು ನಿಂತಿರುವುದನ್ನು ನೋಡಿದ್ದೇನೆ. ಚಕ್ಕಡಿ, ಟ್ರ್ಯಾಕ್ಟರ್, ಭಂಡಾರ, ‘ಉಧೋ ಉಧೋ’ ಕೂಗು. ಅಷ್ಟು ಗದ್ದಲದಲ್ಲೂ ಅವರ ಕಣ್ಣು ಚಿಕ್ಕ ಹುಡುಗಿಯರ ಮೇಲೇ. ಮೈಗೆ ಬೇವು, ಹೊಸ ಸೀರೆ, ಸುತ್ತ ಗಂಭೀರವಾಗಿ ನಿಂತ ಹಿರಿಯರು ಕಂಡರೆ ಮೆಲ್ಲಗೆ ಹತ್ತಿರ ಹೋಗುತ್ತಾರೆ. ‘ಯಾವೂರವ್ವಾ, ಹುಡುಗಿ ಎಷ್ಟನೇ ಕ್ಲಾಸು?’ ಅಂತ ಮಾತಿಗೆ ಎಳೆಯುತ್ತಾರೆ. ಹರಕೆಗೂ ಮುತ್ತು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಯಾರೂ ಕಲಿಸಬೇಕಿಲ್ಲ. ಜಾತ್ರೆ ಮುಗಿದ ಮೇಲೆ ಅದೇ ಹೆಂಗಸರು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯವರ ರೇಷನ್ ಕಾರ್ಡು, ಆಧಾರ್ ಜೆರಾಕ್ಸು, ಪಾಸ್‌ಬುಕ್ಕು ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂತಿರುತ್ತಾರೆ. ಒಬ್ಬಳಿಗೆ ಪಿಂಚಣಿ ನಿಂತಿದೆ, ಇನ್ನೊಬ್ಬಳಿಗೆ ಮನೆ ಬಂದಿಲ್ಲ. ಸಾಹೇಬರು ಊಟಕ್ಕೆ ಹೋದರೂ ಇವರು ಏಳುವುದಿಲ್ಲ.

ಈಗ ಅವರಿಗೆ ಬೇಕಾದವಳು ಅರ್ಜಿ ಬರೆಯಬಲ್ಲ ನಿನ್ನಂಥವಳು. ಮೊದಲು ಸುಮ್ನೆ ಹೋಗಿ ಹಿಂದೆ ಕೂತ್ಕೋ. ಮಾತಾಡಲೇಬೇಕು ಅಂತ ಯಾರೂ ಒತ್ತಾಯ ಮಾಡಬಾರದು. ನಿನ್ನ ಬದುಕಿನ ವಿಷಯ ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ನಿನ್ನ ಹಕ್ಕು. ಇದನ್ನು ಸಂಘದವರಿಗೂ ನೇರವಾಗಿ ಹೇಳು. ಅವ್ವನನ್ನು ಒಮ್ಮೆ ಕಾಲೇಜಿಗೆ ಕರೆದುಕೊಂಡು ಹೋಗು. ತಾಲ್ಲೂಕು ಕಚೇರಿಯಲ್ಲಿ ಮಾತಾಡಿದವಳು ಪ್ರಾಂಶುಪಾಲರ ಹತ್ತಿರವೂ ಚೆನ್ನಾಗಿ ಮಾತಾಡುತ್ತಾಳೆ.

ಪ್ರಶ್ನೆ: ದೇವದಾಸಿ ಪದ್ಧತಿ ನಿಷೇಧವಾಗಿ ಎಷ್ಟೋ ವರ್ಷವಾಯಿತು. ಇನ್ನೂ ಈ ಸಂಘಗಳಿಗೆ ಏನು ಕೆಲಸ ಮೇಡಂ?
– ವಿಜಯಪುರ ಜಿಲ್ಲೆ ಇಂಡಿಯ ಓದುಗರು

ಉತ್ತರ: ನಿಷೇಧ ನೀವಂದುಕೊಂಡದ್ದಕ್ಕಿಂತ ಹಳೆಯದು ಅಣ್ಣಾವರೇ. ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಒಂದು ಕಾನೂನು ಬಂದಿತ್ತು. ಆಮೇಲೆ ಕರ್ನಾಟಕದ 1982ರ ಕಾಯ್ದೆ. ಆ ಕಾಯ್ದೆಯ ಪ್ರಕಾರ ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಜೈಲು. ಹೆತ್ತವರೋ ಬಂಧುಗಳೋ ಆಗಿದ್ದರೆ 5 ವರ್ಷದವರೆಗೆ. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ 46,660 ಹೆಂಗಸರು ಪಟ್ಟಿಯಲ್ಲಿ ಸಿಕ್ಕರು. ಹೆತ್ತವರ ಮೇಲೆ ಮಗು ದೂರು ಕೊಡುತ್ತದಾ ಹೇಳಿ? ಬಯಲಲ್ಲಿ ಮಾಡಲು ಹೆದರುವವರು ಮನೆಯೊಳಗೆ ಗುಟ್ಟಾಗಿ ಮುಗಿಸುತ್ತಾರೆ. ಅದು ಪೊಲೀಸರಿಗಿಂತ ಮೊದಲು ಓಣಿಯ ಹೆಂಗಸರ ಕಿವಿಗೆ ಬೀಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪಿಂಚಣಿಯೂ ಸಿಗದು, ಆ ಓಡಾಟವೂ ಸಂಘದ ಮೇಲೇ. ನಿಮ್ಮ ಸುತ್ತ ಅಂಥ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.