ನಾಲ್ಕು ವರ್ಷ ತಗೊಂಡ ಗ್ಯಾಸ್ ಮಾತ್ರೆ ನಿಲ್ಲಿಸಿದೆ, ಈಗ ಎದೆ ಉರಿ ಮೊದಲಿಗಿಂತ ಜಾಸ್ತಿ. ಮಾತ್ರೆ ಬದಲು ಯಾವ ಮನೆಮದ್ದು ತಗೊಳ್ಳಲಿ?

ಆ ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಅನ್ನು ಬೇಸರವಾಗಿ ಒಂದೇ ಸಲಕ್ಕೆ ಬಿಟ್ಟಿರಿ, ಹತ್ತು ದಿನಕ್ಕೆ ಉರಿ ಗಂಟಲಿಗೆ ಬಂತು, ಕಾಯಿಲೆ ಬೆಳೆದುಬಿಟ್ಟಿದೆ ಅಂತ ಹೆದರಿದ್ದೀರಿ. ಇದೆಲ್ಲ ನನಗೂ ಆಗಿದೆ. ಆದರೆ 'ಕಾಯಿಲೆ ಬೆಳೆದಿದೆ' ಅನ್ನುವ ಮಾತನ್ನು ಈಗಲೇ ಒಪ್ಪಿಕೊಳ್ಳಬೇಡಿ. ನಾನು ಒಪ್ಪಿಕೊಂಡು ಮತ್ತೆ ಎರಡು ವರ್ಷ ಮಾತ್ರೆ ನುಂಗಿದೆ.

ನಾನಿರುವುದು ತುಮಕೂರಿನಲ್ಲಿ. ಕೆಲಸ ಯಶವಂತಪುರದಲ್ಲಿ, ಒಂದು ಅಂಗಡಿಯವರ ಆಫೀಸಿನಲ್ಲಿ ಲೆಕ್ಕ ಬರೆಯುವುದು. ದಿನಾ ರೈಲಿನಲ್ಲಿ ಓಡಾಟ. ಒಂದು ಮಳೆಗಾಲ ಬಿ.ಎಚ್. ರಸ್ತೆಯಲ್ಲಿ ಸ್ಕೂಟಿ ಜಾರಿ ಬಿದ್ದೆ, ಸೊಂಟ ಹಿಡಿದುಕೊಂಡಿತು. ಡಾಕ್ಟರು ನೋವಿನ ಮಾತ್ರೆ ಬರೆದರು. ಅದರಿಂದ ಹೊಟ್ಟೆ ಹುಣ್ಣಾಗದಿರಲಿ ಅಂತ ಜೊತೆಗೆ ಪ್ಯಾಂಟೊಪ್ರಜೋಲ್ ಕೊಟ್ಟರು. ಅದು ಸರಿಯಾದ ಕ್ರಮವೇ, ಅವರನ್ನು ನಾನು ದೂರುವುದಿಲ್ಲ. ಸೊಂಟ ಸರಿಹೋಯಿತು, ನೋವಿನ ಮಾತ್ರೆ ನಿಂತಿತು. ಗ್ಯಾಸ್ ಮಾತ್ರೆ ನಿಲ್ಲಲಿಲ್ಲ. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೆಡಿಕಲ್ ಸ್ಟೋರಿನ ಹುಡುಗ ನನ್ನ ಮುಖ ನೋಡಿದರೆ ಸಾಕು, ಸ್ಟ್ರಿಪ್ ತೆಗೆದಿಡುತ್ತಿದ್ದ. ಮದುವೆ ಊಟ ಇದ್ದ ದಿನ ಮನೆಯವರಿಗೆಲ್ಲ ನಾನೇ ಒಂದೊಂದು ಹಂಚುತ್ತಿದ್ದೆ. ಅಷ್ಟು ಸಲೀಸು.

ಬಿದ್ದು ಸೊಂಟ ನೋಯಿಸಿಕೊಳ್ಳುವ ಮೊದಲು ನನಗೆ ಎದೆ ಉರಿ ಅನ್ನುವುದೇ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷ ಕಳೆದ ಮೇಲೆ ಕಾಲು ಜೋಮು ಹಿಡಿಯಲು ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳುವುದಕ್ಕೆ ಹೊಟ್ಟೆಯ ಆಸಿಡ್ ಬೇಕು. ಅದನ್ನು ವರ್ಷಗಟ್ಟಲೆ ತಗ್ಗಿಸಿದರೆ ಬಿ12 ಕೊರತೆ ಬರಬಹುದು. ನಮ್ಮದು ಸಸ್ಯಾಹಾರ ಬೇರೆ, ಯಾವುದು ಎಷ್ಟು ಕಾರಣವೋ. ನನಗೆ ಮಾತ್ರೆ ಮೇಲೆ ಸಿಟ್ಟು ಬಂತು. ಅವತ್ತೇ ಬಿಟ್ಟೆ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ಸುಮ್ನೆ ಇಷ್ಟು ವರ್ಷ ದುಡ್ಡು ಹಾಕಿದೆನಲ್ಲ ಅಂದುಕೊಂಡೆ. ಆಮೇಲೆ ಒಂದು ರಾತ್ರಿ ಹುಳಿ ತೇಗು, ಎದೆಯ ಮಧ್ಯೆ ಕೆಂಡ ಇಟ್ಟಂಥ ಉರಿ. ಎದ್ದು ತಣ್ಣಗಿನ ಹಾಲು ಕುಡಿದೆ. ಹತ್ತು ನಿಮಿಷ ಸುಖ, ಆಮೇಲೆ ಮತ್ತೆ ಶುರು. ಹಾಲು ಆ ಕ್ಷಣಕ್ಕೆ ಆಸಿಡನ್ನು ಮಂದ ಮಾಡುತ್ತದೆ. ಆದರೆ ಅದರಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂ ಹೊಸ ಆಸಿಡ್ ಸುರಿಯುವಂತೆ ಮಾಡುತ್ತವೆ ಅಂತ ಆಗ ಗೊತ್ತಿರಲಿಲ್ಲ. ಉರಿ ತಡೆಯಲಾರದೆ ಮಾತ್ರೆಗೆ ವಾಪಸ್ ಹೋದೆ. ಕೆಲವೇ ದಿನಕ್ಕೆ ಎಲ್ಲ ಶಾಂತ.

ಇಲ್ಲೇ ನಾನು ಕೆಟ್ಟೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಟ್ಟರೆ ಉರಿ, ತಗೊಂಡರೆ ಶಾಂತಿ. ಹಾಗಾದರೆ ಕಾಯಿಲೆ ಇದೆ, ಮಾತ್ರೆಯೇ ಅದನ್ನು ಹಿಡಿದಿಟ್ಟಿತ್ತು ಅಂತ ತೀರ್ಮಾನ ಮಾಡಿದೆ. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆ ತೀರ್ಮಾನ ತಲೆಯಲ್ಲಿ ಇಟ್ಟುಕೊಂಡೇ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. 'ವಿಪರೀತ ಎದೆ ಉರಿ ಸಾರ್, ಮಾತ್ರೆ ಇಲ್ಲದೆ ಆಗಲ್ಲ' ಅಂದೆ. ನಾನಾಗಿ ಮಾತ್ರೆ ಬಿಟ್ಟಿದ್ದೆ, ಬಿಟ್ಟ ಮೇಲೇ ಉರಿ ಬಂದಿದ್ದು ಅಂತ ಹೇಳಲಿಲ್ಲ. ಕೇಳದೆ ಬಿಟ್ಟಿದ್ದಕ್ಕೆ ಬೈಯುತ್ತಾರೆ ಅನ್ನುವ ಅಳುಕು. ಹಿಂದೆ ನನಗೆ ಎದೆ ಉರಿಯೇ ಇರಲಿಲ್ಲ, ಸೊಂಟ ನೋವಿಗೆ ಅಂತ ಶುರುವಾದ ಮಾತ್ರೆ ಇದು ಅಂತಲೂ ಹೇಳಲಿಲ್ಲ. ಅದು ನನಗೇ ಮರೆತುಹೋಗಿತ್ತು. ಅವರಿಗೆ ಕಂಡಿದ್ದು ಏನು? ವರ್ಷಗಟ್ಟಲೆ ಮಾತ್ರೆ ತಗೊಂಡರೂ ಉರಿಯುವ ರೋಗಿ. ದಿನಕ್ಕೆ ಎರಡು ಹೊತ್ತು ಬರೆದರು. ಎಂಡೋಸ್ಕೋಪಿಯೂ ಆಯಿತು. ಒಳಗೆ ಏನೂ ಇಲ್ಲ ಅಂತ ಬಂತು. ಸಮಾಧಾನ ಪಡಬೇಕಿತ್ತು, ನನಗೆ ಸಿಟ್ಟು ಬಂತು. ಇಷ್ಟು ಉರಿಯುತ್ತೆ, ಇವರಿಗೆ ಕಾಣಿಸಲ್ವಾ ಅಂತ. ಆ ಎರಡು ವಾಕ್ಯ ಹೇಳಿದ್ದರೆ ಎರಡು ಹೊತ್ತಿನ ಮಾತ್ರೆಯೂ ಇಲ್ಲ, ಆ ಖರ್ಚೂ ಇಲ್ಲ. ನುಂಗುವುದನ್ನು ಡಬಲ್ ಮಾಡಿಕೊಂಡು ಮನೆಗೆ ಬಂದೆ.

ಮುಂದೆ ಜ್ವರಕ್ಕೆ ಅಂತ ಹೋದಾಗ ಒಬ್ಬ ಹಿರಿಯ ಡಾಕ್ಟರು ನನ್ನ ಚೀಟಿಗಳನ್ನೆಲ್ಲ ಹರಡಿಕೊಂಡು ಒಂದೇ ಪ್ರಶ್ನೆ ಕೇಳಿದರು. 'ಈ ಮಾತ್ರೆ ಮೊಟ್ಟಮೊದಲು ಶುರುವಾಗಿದ್ದು ಯಾಕಮ್ಮಾ?' ನನಗೆ ಉತ್ತರ ಹೊಳೆಯುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

ಅವರು ವಿವರಿಸಿದ್ದು ಹೀಗೆ. ಹೊಟ್ಟೆಯ ಗೋಡೆಯಲ್ಲಿ ಆಸಿಡ್ ಹೊರಹಾಕುವ ಪಂಪುಗಳಿವೆ. ಈ ಮಾತ್ರೆ ಅವನ್ನು ಮುಚ್ಚುತ್ತದೆ. ಆಸಿಡ್ ಸಾಲುತ್ತಿಲ್ಲ ಅಂತ ದೇಹ ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಆಸಿಡ್ ಮಾಡಿಸುವ ಜೀವಕೋಶಗಳೂ ಬೆಳೆಯುತ್ತವೆ. ಗೇಟಿಗೆ ಬೀಗ ಹಾಕಿ ಒಳಗೆ ಕೆಲಸದವರನ್ನು ಸೇರಿಸುತ್ತಲೇ ಹೋದ ಹಾಗೆ. ಮಾತ್ರೆ ಬಿಟ್ಟ ದಿನ ಬೀಗ ತೆಗೆಯುತ್ತದೆ, ಹಿಂದೆ ಇದ್ದದ್ದಕ್ಕಿಂತ ಜಾಸ್ತಿ ಆಸಿಡ್ ಬರುತ್ತದೆ. ಗ್ಯಾಸ್ಟ್ರಿನ್ ಇಳಿದು ಎಲ್ಲ ಹದಕ್ಕೆ ಬರಲು ವಾರಗಳು ಬೇಕು, ಕೆಲವರಿಗೆ ಎರಡು ಮೂರು ತಿಂಗಳು.

ಇದು ಬರೀ ಬಾಯಿಮಾತಲ್ಲ. ಡೆನ್ಮಾರ್ಕ್‌ನಲ್ಲಿ ಎದೆ ಉರಿಯೇ ಇಲ್ಲದ 120 ಆರೋಗ್ಯವಂತರ ಮೇಲೆ ಒಂದು ಪರೀಕ್ಷೆ ಮಾಡಿದರು. 2009ರಲ್ಲಿ ಅದು ಪ್ರಕಟವಾಯಿತು. ಅರ್ಧ ಜನಕ್ಕೆ ಎಂಟು ವಾರ ಪ್ಯಾಂಟೊಪ್ರಜೋಲ್ ಜಾತಿಯದ್ದೇ ಆದ ಇಸೋಮೆಪ್ರಜೋಲ್ 40 ಕೊಟ್ಟು ನಿಲ್ಲಿಸಿದರು. ಉಳಿದವರಿಗೆ ಮೊದಲಿನಿಂದಲೂ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಔಷಧಿ ನಿಂತ ಮೇಲೆ ಆ ಗುಂಪಿನಲ್ಲಿ 44 ಶೇಕಡಾ ಜನಕ್ಕೆ ಎದೆ ಉರಿ, ಹುಳಿ ತೇಗು, ಹೊಟ್ಟೆ ಸಂಕಟ ಬಂತು. ಇನ್ನೊಂದು ಗುಂಪಿನಲ್ಲಿ 15 ಶೇಕಡಾ. ಕಾಯಿಲೆಯೇ ಇಲ್ಲದವರಿಗೆ, ಬರೀ ಎಂಟು ವಾರಕ್ಕೆ! ನಿಮ್ಮದು ನಾಲ್ಕು ವರ್ಷ. ಹತ್ತು ದಿನದ ಉರಿ ನೋಡಿ ಕಾಯಿಲೆ ಬೆಳೆದಿದೆ ಅಂತ ಹೇಗೆ ಹೇಳುತ್ತೀರಿ?

ಹಾಗಂತ ಹಲ್ಲು ಕಚ್ಚಿಕೊಂಡಿರಿ ಅನ್ನುತ್ತಿಲ್ಲ. ಒಮ್ಮೆಲೇ ಬಿಟ್ಟರೂ ಆಗುತ್ತದೆ, ಇಳಿಸುತ್ತಾ ಬಂದರೂ ಆಗುತ್ತದೆ ಅನ್ನುತ್ತಾರೆ ಡಾಕ್ಟರುಗಳು. ನನ್ನಂಥ ಪುಕ್ಕಲಿಗೆ ಇಳಿಸುವುದೇ ಸರಿ. ಎರಡು ಹೊತ್ತಿನಿಂದ ಒಂದು ಹೊತ್ತು, 40ರಿಂದ 20, ಆಮೇಲೆ ದಿನ ಬಿಟ್ಟು ದಿನ. ಒಂದೊಂದು ಮೆಟ್ಟಿಲಲ್ಲೂ ಕೆಲವು ವಾರ ನಿಂತೆ. 40ರ ಮಾತ್ರೆಯನ್ನು ಚಾಕುವಿನಲ್ಲಿ ಅರ್ಧ ಮಾಡಬೇಡಿ. ಹೊಟ್ಟೆಯ ಆಸಿಡ್‌ನಲ್ಲಿ ಕರಗದಿರಲಿ ಅಂತ ಅದರ ಮೇಲೆ ಪದರ ಇರುತ್ತದೆ, ಮುರಿದರೆ ಮದ್ದು ಕೆಡುತ್ತದೆ. 20ರದ್ದು ಬೇರೆಯೇ ಸಿಗುತ್ತದೆ. ಉರಿ ಬಂದ ರಾತ್ರಿಗೆ ಅಂತ ಆಸಿಡ್ ತಗ್ಗಿಸುವ ಬೇರೆ ಬಗೆಯ ಮಾತ್ರೆ ಫ್ಯಾಮೋಟಿಡೀನ್, ಊಟದ ಮೇಲೆ ಬೇಕಾದರೆ ಆಸಿಡ್ ಮೇಲೆ ಬರದಂತೆ ತಡೆಯುವ ಆಲ್ಜಿನೇಟ್ ಇರುವ ಸಿರಪ್ಪು ಆ ಹಿರಿಯ ಡಾಕ್ಟರು ಬರೆದುಕೊಟ್ಟರು. ರಾನಿಟಿಡಿನ್ ಅನ್ನುವ ಇನ್ನೊಂದು ಗ್ಯಾಸ್ ಮಾತ್ರೆಯ ಹಳೇ ಸ್ಟ್ರಿಪ್ ಮನೆಯಲ್ಲಿದ್ದರೆ ಅದಕ್ಕೆ ಕೈ ಹಾಕಬೇಡಿ. ಎನ್‌ಡಿಎಂಎ ಅನ್ನುವ, ಕ್ಯಾನ್ಸರ್ ತರಬಹುದಾದ ಕಲ್ಮಶದ ಕಾರಣಕ್ಕೆ 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಸಿತು, 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಅದು ಹೋಯಿತು.

ಈಗ ನೀವು ಕೇಳಿದ ಮನೆಮದ್ದು. ನನ್ನ ಪ್ರಕಾರ ಆ ಹುಡುಕಾಟವೇ ತಪ್ಪು ದಾರಿ. ಜೀರಿಗೆ ನೀರು, ಮಜ್ಜಿಗೆ ಕುಡಿಯಿರಿ, ಬೇಡ ಅನ್ನಲ್ಲ. ಆದರೆ ಮಾತ್ರೆಯ ಜಾಗದಲ್ಲಿ ಇನ್ನೊಂದು ಲೋಟ ತಂದಿಟ್ಟರೆ ಉರಿಯ ಕಾರಣ ಹಾಗೇ ಉಳಿಯುತ್ತದೆ. ಸೋಡಾ ಪುಡಿಯಂತೂ ದಿನಾ ಬೇಡವೇ ಬೇಡ. ಅದರಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರುವವರಿಗೆ ಕೆಟ್ಟದ್ದು. ಪುದೀನ ತಂಪು ಅಂತಾರೆ, ಅದು ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲ ಮಾಡಿ ಕೆಲವರಿಗೆ ಉರಿ ಹೆಚ್ಚಿಸುತ್ತದೆ.

ನನಗೆ ಉಳಿದಿದ್ದ ಉರಿಗೆ ಕಾರಣ ಗಡಿಯಾರ. ರೈಲಿಳಿದು ಮನೆಗೆ ಬಂದು, ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ, ನಾನು ತಟ್ಟೆ ಮುಂದೆ ಕೂರುವಾಗ ರಾತ್ರಿ ಹತ್ತು. ಬೆಳಗ್ಗೆ ಬೇಗ ಏಳಬೇಕಲ್ಲ, ಪಾತ್ರೆ ತೊಳೆದು ಹಾಗೇ ಮಲಗುವುದು. ಹೊಟ್ಟೆ ತುಂಬಿದ್ದಾಗ ಮಲಗಿದರೆ ಆಸಿಡ್ ಮೇಲೆ ಬರದೆ ಇನ್ನೇನು? ಮುದ್ದೆ ಹೊಟ್ಟೆಗೆ ತಂಪು ಅಂತ ನಮ್ಮತ್ತೆ ಇವತ್ತಿಗೂ ಹೇಳುತ್ತಾರೆ. ರಾತ್ರಿ ಹತ್ತಕ್ಕೆ ನುಂಗಿದ ಮುದ್ದೆ ಯಾವ ತಂಪೂ ಮಾಡಲಿಲ್ಲ. ಎಲ್ಲರೂ ಖಾರ ಬಿಡಿ, ಉಪ್ಸಾರು ಬಿಡಿ ಅಂದರು. ಬಿಟ್ಟು ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಊಟದ ಹೊತ್ತು ಬದಲಾಯಿಸಿದಾಗ ಕಾಣಿಸಿತು. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು.

ಮನೆಯಲ್ಲಿ ಅದು ಆಗುವ ಮಾತಲ್ಲ. ಅದಕ್ಕೆ ಬೆಳಗ್ಗೆ ಎರಡು ಡಬ್ಬಿ ಕಟ್ಟಿಕೊಳ್ಳಲು ಶುರು ಮಾಡಿದೆ. ಸಂಜೆ ವಾಪಸ್ ಬರುವಾಗ ನಿಡವಂದ ಹತ್ತಿರ ಎರಡನೇ ಡಬ್ಬಿ ತೆಗೆಯುತ್ತೇನೆ, ಕ್ಯಾತ್ಸಂದ್ರ ಬರುವಷ್ಟರಲ್ಲಿ ನನ್ನ ರಾತ್ರಿ ಊಟ ಮುಗಿದಿರುತ್ತದೆ. ಅತ್ತೆಗೆ ಇದು ಬಹಳ ದಿನ ಜೀರ್ಣವಾಗಲಿಲ್ಲ. 'ಮನೇಲಿ ಒಲೆ ಇಲ್ವೇನವ್ವಾ, ರೈಲಲ್ಲಿ ಉಣ್ಣೋಕೆ?' ಅನ್ನುತ್ತಿದ್ದರು. ಈಗ ಡಬ್ಬಿಗೆ ಉಪ್ಪಿನಕಾಯಿ ಹಾಕಿಕೊಡುವುದು ಅವರೇ. ಉಪ್ಪಿನಕಾಯಿ ಬೇಡ ಅನ್ನುವ ಧೈರ್ಯ ನನಗಿಲ್ಲ.

ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟೆ, ಹೆಚ್ಚೂಕಮ್ಮಿ ಆರು ಇಂಚು ಎತ್ತರ. ದಿಂಬು ಪೇರಿಸಿದರೆ ಬರೀ ಕತ್ತು, ಸೊಂಟ ಬಾಗುತ್ತದೆ, ಹೊಟ್ಟೆ ಒತ್ತಿ ಇನ್ನೂ ಕೆಡುತ್ತದೆ. ರಾತ್ರಿಯೆಲ್ಲ ಜಾರಿ ಕೆಳಗೆ ಬರುತ್ತೇನೆ ಅಂತ ನಮ್ಮನೆಯವರು ಗೊಣಗಿದರು, ಆಮೇಲೆ ಅಭ್ಯಾಸವಾಯಿತು. ಎಡಮಗ್ಗುಲಲ್ಲಿ ಮಲಗಿ. ಹಾಗೆ ಮಲಗಿದರೆ ಅನ್ನನಾಳ ಸೇರುವ ಜಾಗ ಹೊಟ್ಟೆಗಿಂತ ಮೇಲಿರುತ್ತದೆ. ಇನ್ನೊಂದನ್ನು ಗಂಡಸರು ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ಸೀರೆ ಉಡುವವರು ಲಂಗದ ಲಾಡಿ ಬಿಗಿಯಾಗಿ ಕಟ್ಟಬೇಡಿ. ದಿನವಿಡೀ ಹೊಟ್ಟೆ ಅಮುಕಿಕೊಂಡೇ ಇರುತ್ತದೆ. ಗಂಡಸರಾದರೆ ಬೆಲ್ಟು. ಬೊಜ್ಜು ಇದ್ದರೆ ಸ್ವಲ್ಪ ಇಳಿಸಿದರೂ ಗುಣ ಕಾಣುತ್ತದೆ.

ಈಗ ನನಗೆ ದಿನಾ ಮಾತ್ರೆ ಇಲ್ಲ. ಹಬ್ಬದಲ್ಲಿ ಹೋಳಿಗೆ ಜಾಸ್ತಿಯಾದರೆ ಉರಿಯುತ್ತದೆ, ಅವತ್ತಿಗೆ ಸಿರಪ್ಪು.

ನೀವು ಮತ್ತೆ ಶುರು ಮಾಡಲಾ ಅಂತಲೂ ಕೇಳಿದ್ದೀರಿ. ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಯಾಕೆ ಶುರುವಾಯಿತು, ಯಾವತ್ತು ಬಿಟ್ಟಿರಿ, ಉರಿ ಯಾವತ್ತು ಬಂತು, ಈ ಮೂರನ್ನೂ ಹೇಳಿ. ತಡೆಯಲಾಗದಿದ್ದರೆ 20ಕ್ಕೆ ಹೋಗಿ ಅಲ್ಲಿಂದ ಇಳಿಯಲು ಅವರೇ ಹೇಳಬಹುದು. ಅದು ಸೋಲೇನಲ್ಲ. ನುಂಗುವಾಗ ಊಟ ಸಿಕ್ಕಿಕೊಳ್ಳುವುದು, ಮಲ ಕಪ್ಪಗಾಗುವುದು, ರಕ್ತ ವಾಂತಿ, ಸುಮ್ಮನೆ ತೂಕ ಇಳಿಯುವುದು ಇದ್ದರೆ ನನ್ನ ಕಥೆ ನಿಮ್ಮದಲ್ಲ, ಕೂಡಲೇ ತೋರಿಸಿ. ಎದೆ ಹಿಂಡಿ ಬೆವರು ಬಂದರೆ ಗ್ಯಾಸ್ ಅಂತ ಕೂರಬೇಡಿ, ಇಸಿಜಿ ಮಾಡಿಸಿ.

ಕೊನೆಯಲ್ಲಿ ನಿಮ್ಮ ತಂದೆಯವರ ವಿಷಯ ಬರೆದಿದ್ದೀರಿ. ಅವರೂ ಇದೇ ಮಾತ್ರೆ ತಗೊಳ್ಳುತ್ತಾರೆ, ಸ್ಟೆಂಟ್ ಹಾಕಿದೆ, ದಿನಾ ಆಸ್ಪಿರಿನ್ ಇದೆ, ಅವರದ್ದೂ ನಿಲ್ಲಿಸಲಾ ಅಂತ. ಬೇಡ. ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ, ಹಿಂದೆ ಹೊಟ್ಟೆ ಹುಣ್ಣಿನಿಂದ ರಕ್ತ ಹೋದವರಿಗೆ, ಅನ್ನನಾಳ ತೀರಾ ಹುಣ್ಣಾದವರಿಗೆ, ಬ್ಯಾರೆಟ್ಸ್ (ಅನ್ನನಾಳದ ಒಳಪದರ ಬದಲಾಗಿರುವುದು) ಅಂತ ರಿಪೋರ್ಟಿನಲ್ಲಿ ಬಂದವರಿಗೆ ಈ ಮಾತ್ರೆ ಕಾವಲಿಗೆ ಇರುವುದು. ಅವರ ಹೃದಯದ ಡಾಕ್ಟರು ಹೇಳುವವರೆಗೆ ಅವರ ಮಾತ್ರೆ ಡಬ್ಬಿ ಮುಟ್ಟಬೇಡಿ.