ಜೀಬ್ರಾ ಪ್ಲೆಕೊ: ಹೊಟ್ಟೆ ಬತ್ತಿದ್ದರೆ ಬೇಡ

ಅಂಗಡಿಯಲ್ಲಿ ನೋಡಿದ ಜೀಬ್ರಾ ಪ್ಲೆಕೊ (ಅಕ್ವೇರಿಯಂನಲ್ಲಿ ಸಾಕುವ ಪಟ್ಟೆ ಮೀನು) ಹೊಟ್ಟೆ ಒಳಕ್ಕೆ ಹೋಗಿದೆ, ತಗೋಬಹುದಾ, ಬೇರೆ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ತಗೋಬೇಡಿ. ಕಣ್ಣೂ ಗುಳಿಬಿದ್ದಿದ್ದರೆ ಅದು ಬಹಳ ದಿನದಿಂದ ಸರಿಯಾಗಿ ತಿಂದಿಲ್ಲ, ಇಲ್ಲವೇ ಹೊಟ್ಟೆಯಲ್ಲಿ ಹುಳು ಇರಬಹುದು, ಚೇತರಿಸಿಕೊಳ್ಳುವುದು ಕಷ್ಟ. ಪ್ಲೆಕೊ ಅಂದ್ರೆ ಪಾಚಿ ತಿನ್ನೋದು ಅಂದ್ಕೊಂಡು ಸುಮ್ನೆ ಪಾಚಿ ಬಿಲ್ಲೆ ಹಾಕಿಟ್ಟಿರುತ್ತಾರೆ, ಆದರೆ ಇದಕ್ಕೆ ಬೇಕಾದ್ದು ಜಾಸ್ತಿ ಮಾಂಸದ ಆಹಾರ, ಫ್ರೋಜನ್ ಬ್ಲಡ್‌ವರ್ಮ್ (ಮೀನಿಗೆ ಹಾಕುವ ಕೆಂಪು ಹುಳು), ಸೀಗಡಿ ಚೂರು, ಅದೂ ಲೈಟ್ ಆರಿಸಿದ ಮೇಲೆ.

ಇದು ಬ್ರೆಜಿಲ್‌ನ ಷಿಂಗು ನದಿಯಲ್ಲಿ ಮಾತ್ರ ಇರುವ ಮೀನು. ಅಲ್ಲಿಂದ ಹಿಡಿದು ರಫ್ತು ಮಾಡುವುದಕ್ಕೆ ನಿಷೇಧ ಇದೆ, 2022ರಲ್ಲಿ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೂ ಸೇರಿತು. ಹಾಗಾಗಿ ‘ನದಿಯಿಂದಲೇ ಬಂದದ್ದು’ ಅಂತ ಜಂಬ ಕೊಚ್ಚುವವರನ್ನು ಬಿಟ್ಟು, ಟ್ಯಾಂಕಲ್ಲೇ ಮರಿ ಮಾಡಿಸುವವರನ್ನು ಹುಡುಕಿ. ಮರಿ ಕಡಿಮೆ, ಬೆಳೆಯುವುದೂ ನಿಧಾನ, ಅದಕ್ಕೇ ಆ ಬೆಲೆ. ದುಡ್ಡು ಕೊಡುವ ಮುಂಚೆ ನಿಮ್ಮೆದುರೇ ತಿನ್ನಿಸಿ ತೋರಿಸಲಿ.